ಖಾಲಿ ಕರಡಿಗೆ

ಆ ಕೇಸು ನಾನು ಬೇಡಿ ಪಡೆದದ್ದಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ಒಂದು ಮಧ್ಯಾಹ್ನ ಬೇರಾವುದೋ ಕೆಲಸಕ್ಕೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಟಕಟೆಯಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಕುರಿಗಾರ ನಿಂತಿದ್ದ. ನಿನಗೆ ವಕೀಲರಿದ್ದಾರೆಯೇ ಎಂದು ನ್ಯಾಯಾಧೀಶರು ಕೇಳಿದರು. ಅವನು ಎಡಕ್ಕೂ ಬಲಕ್ಕೂ ನೋಡಿ, "ಅಂಥವ್ರು ಯಾರೂ ಇಲ್ರೀ" ಅಂದ. ನ್ಯಾಯಾಧೀಶರ ಕಣ್ಣು ಕೋರ್ಟು ಹಾಲನ್ನೆಲ್ಲ ಸುತ್ತಿ ನನ್ನ ಮೇಲೆ ನಿಂತಿತು. ಸರ್ಕಾರದ ವತಿಯಿಂದ ಇವನ ಪರ ನಿಲ್ಲುತ್ತೀರಾ ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಇನ್ನೊಬ್ಬ ವಕೀಲ ಆಗಲೇ ಜಾಣತನದಿಂದ ಎದ್ದು ಹೊರಗೆ ಹೋಗಿದ್ದ.

ಆರೋಪಪಟ್ಟಿಯ ಪ್ರಕಾರ ನಡೆದದ್ದು ಇಷ್ಟು. ಮಾನ್ವಿ ತಾಲೂಕಿನಲ್ಲಿ, ಕಾಲುವೆಯ ನೀರಿನಿಂದ ನೆಲ್ಲು ಬೆಳೆಯುವ ಒಂದು ದೊಡ್ಡ ಹಳ್ಳಿ. ಅದರ ಹೆಸರು ಬೇಡ. ಅಲ್ಲಿ ಅಕ್ಕಿ ಗಿರಣಿ ನಡೆಸುವ ಲಿಂಗವಂತರ ಮನೆತನ: ಅಣ್ಣ, ತಮ್ಮ, ಅವರ ವಯಸ್ಸಾದ ತಾಯಿ. ಒಂದು ಶನಿವಾರ ರಾತ್ರಿ, ತಮ್ಮ ವ್ಯಾಪಾರಕ್ಕೆಂದು ಪರ ಊರಿಗೆ ಹೋಗಿದ್ದಾಗ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಮೂವರು ಹಿತ್ತಲ ಬಾಗಿಲು ಒಡೆದು ಒಳನುಗ್ಗಿದರು. ಎದ್ದು ಬಂದ ಅಣ್ಣನ ಭುಜಕ್ಕೆ ಕೊಡಲಿಯಿಂದ ಹೊಡೆದರು. ಟ್ರಂಕು ಮುರಿದು ಚಿನ್ನದ ಬೋರಮಾಳ ಸರ, ಪಾಟ್ಲಿ ಬಳೆ ಒಯ್ದರು. ಹೋಗುವಾಗ ಮುದುಕಿಯ ಕೊರಳಿಗೆ ಕೈ ಹಾಕಿ ಬೆಳ್ಳಿಯ ಕರಡಿಗೆಯನ್ನೂ ಕಿತ್ತುಕೊಂಡರು. ಕರಡಿಗೆ ಎಂದರೆ ಲಿಂಗವಂತರು ಇಷ್ಟಲಿಂಗವನ್ನು ಇಟ್ಟು ಕೊರಳಲ್ಲಿ ಕಟ್ಟಿಕೊಳ್ಳುವ ಪುಟ್ಟ ಗೂಡು.

ಎಂಟನೆಯ ದಿನ, ಮುಂದಿನ ಭಾನುವಾರ, ನನ್ನ ಕಕ್ಷಿದಾರನನ್ನು ಹಿಡಿದರು. ಅವನು ದೇವದುರ್ಗದ ಕಡೆಯವನು. ಸುಗ್ಗಿ ಮುಗಿದ ಮೇಲೆ ಆ ಕಡೆಯ ಕುರಿಗಾರರು ಹಿಂಡು ಹೊಡೆದುಕೊಂಡು ಕಾಲುವೆ ಕೆಳಗಿನ ಗದ್ದೆಗಳಿಗೆ ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ಕೂಡಿಸಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು. ದರೋಡೆಗೆ ಮೂರು ದಿನ ಮೊದಲು ಇವನ ಕುರಿ ಗಿರಣಿಯವರ ಬೆಳೆಗೆ ಬಿದ್ದು, ಊರ ಮುಂದೆ ಮಾತಿಗೆ ಮಾತು ಬೆಳೆದಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು. ಹಿಡಿದ ಮರುದಿನ, ಸೋಮವಾರ ಸಂಜೆ ನಾಲ್ಕಕ್ಕೆ, ಅವನೇ ಸ್ವಇಚ್ಛೆಯಿಂದ ಹೇಳಿಕೆ ಕೊಟ್ಟು, ಕುರಿದೊಡ್ಡಿಯ ಹಿಕ್ಕಿಯ ರಾಶಿಯ ಕೆಳಗಿಂದ ಕರಡಿಗೆ ತೆಗೆದುಕೊಟ್ಟನೆಂದು ಇಬ್ಬರು ಪಂಚರ ಸಮಕ್ಷಮ ಪಂಚನಾಮೆಯಾಗಿತ್ತು. ಚಿನ್ನ ಸಿಗಲಿಲ್ಲ. ಉಳಿದ ಇಬ್ಬರು ತಲೆಮರೆಸಿಕೊಂಡಿದ್ದಾರೆ ಎಂದು ಬರೆದು ಕೈತೊಳೆದುಕೊಂಡಿದ್ದರು. ಮಾರಕಾಯುಧ ಬಳಸಿ ಸುಲಿಗೆ ಮಾಡಿದ ಕಲಮು ಹಚ್ಚಿದ್ದರಿಂದ, ರುಜುವಾತಾದರೆ ಏಳು ವರ್ಷಕ್ಕಿಂತ ಒಂದು ದಿನವೂ ಕಡಿಮೆ ಕೊಡುವಂತಿರಲಿಲ್ಲ.

ಜೈಲಿನಲ್ಲಿ ಮೊದಲ ಸಲ ಮಾತಾಡಿದಾಗ ಅವನು ಕೈಯನ್ನು ಕಂಬಳಿಯ ಒಳಗೆ ಇಟ್ಟುಕೊಂಡಿದ್ದ. ತೆಗೆಯೋ ಅಂದರೆ ತೆಗೆದ. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

"ಆ ರಾತ್ರಿ ಎಲ್ಲಿದ್ದಿ?"

"ಕುರ್ಡಿ ಊರಿನ ಗೌಡ್ರ ಹೊಲದಾಗ ಇದ್ದೆರೀ. ಹಿಂಡ ಅಲ್ಲೇ ಕೂಡಿಸಿದ್ವಿ. ಗೌಡ್ರು ಮುಂಜಾನಿ ಬಂದು ನೋಡ್ಯಾರ."

"ಮತ್ತ ಕರಡಿಗಿ?"

"ಅದು ಏನಂತ ಸೈತ ನನಗ ಗೊತ್ತಿದ್ದಿಲ್ರೀ. ಪೊಲೀಸ್ನವರು ಕೈಯಾಗ ಕೊಟ್ಟು ಹಿಡಿ ಅಂದ್ರು, ಹಿಡದೆ. ಒಲ್ಲೆ ಅಂದಿದ್ರ ಇನ್ನೊಂದು ಕೈ ಹೋಗತಿತ್ತು."

ನಾನು ಅವನನ್ನು ನಂಬಿದೆ. ನಂಬಿಕೆಯಿಂದ ಕೋರ್ಟಿನಲ್ಲಿ ಏನೂ ಆಗುವುದಿಲ್ಲ ಎನ್ನುವುದೂ ಗೊತ್ತಿತ್ತು.

ಜಾಮೀನು ಅರ್ಜಿ ಹಾಕಿದೆ. ಊರೂರು ತಿರುಗುವವನು, ಕೈಗೆ ಸಿಗಲಿಕ್ಕಿಲ್ಲ ಎಂದು ಸರ್ಕಾರಿ ವಕೀಲರು ವಿರೋಧಿಸಿದರು. ಅರ್ಜಿ ವಜಾ ಆಯಿತು. ಬೆಂಗಳೂರಿಗೆ ಹೋಗಿ ಹೈಕೋರ್ಟಿನ ಮೆಟ್ಟಿಲು ಹತ್ತುವ ದಾರಿ ಆ ಮನೆಯವರಿಗೆ ಗೊತ್ತೂ ಇರಲಿಲ್ಲ, ತ್ರಾಣವೂ ಇರಲಿಲ್ಲ.

ಪ್ರತಿ ಪೇಶಿಗೂ, ಅಂದರೆ ಕೋರ್ಟಿನ ಪ್ರತಿ ತಾರೀಖಿಗೂ, ಅವನ ಅಪ್ಪ ಬರುತ್ತಿದ್ದ. ದೇವದುರ್ಗದಿಂದ ಮೊದಲ ಬಸ್ಸು ಹಿಡಿದು ಬಂದು, ನನ್ನ ಆಫೀಸಿನ ಮೆಟ್ಟಿಲ ಮೇಲೆ ಕಂಬಳಿ ಹಾಸಿ ಕೂಡುತ್ತಿದ್ದ. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. "ಮೈಯೆಲ್ಲ ಕುರಿ ವಾಸನಿ ಅದರೀ" ಎಂದು ನಗುತ್ತಿದ್ದ. ನಾನು ಕೋಟು ಹಾಕಿಕೊಂಡು ಹೊರಬಂದ ಕೂಡಲೇ ಎದ್ದು ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದ: "ಈ ಸಲ ಬಿಡ್ತಾರೇನ್ರಿ, ಯಪ್ಪಾ?" ಅವನ ಮಗನ ವಯಸ್ಸಿನ ನನ್ನನ್ನು ಅವನು ಯಪ್ಪಾ ಎನ್ನುವುದು ಕೇಳಿ ನಾಚಿಕೆಯಾಗುತ್ತಿತ್ತು. ನೋಡೋಣ ಎನ್ನುತ್ತಿದ್ದೆ. ಅದನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಕುರ್ಡಿಗೆ ಹೋಗಿ ಆ ಗೌಡರನ್ನು ಕಂಡೆ. ಕುಡಿಯಲು ಮಜ್ಜಿಗೆ ಕೊಟ್ಟು ಚೆನ್ನಾಗಿ ಮಾತಾಡಿಸಿದರು. ಆ ಶನಿವಾರ ಹಿಂಡು ತಮ್ಮ ಹೊಲದಲ್ಲೇ ಇತ್ತೆಂದು ಒಪ್ಪಿದರು. ಸಾಕ್ಷಿ ಹೇಳಲು ಬರುತ್ತೀರಾ ಎಂದಾಗ ಮುಖ ಬೇರೆ ಕಡೆ ತಿರುಗಿತು.

"ವಕೀಲರ, ನಮ್ಮ ನೆಲ್ಲು ಹೋಗೋದು ಅವ್ರ ಗಿರಣಿಗೇರೀ. ಹುಡುಗ ಛಲೋನೇ ಅದಾನ. ಆದರ ನಾ ಕೋರ್ಟಿಗಿ ಬರಾಂಗಿಲ್ಲ. ಸಮನ್ಸ್ ಕಳಸಿದ್ರ ನೆನಪಿಲ್ಲ ಅಂತೀನಿ, ಮತ್ತ ನಿಮಗ ಕೇಡು."

ಆಮೇಲೆ ವಿಚಾರಣೆ ಶುರುವಾಯಿತು. ಮೊದಲ ಸಾಕ್ಷಿ ಗಿರಣಿಯ ಅಣ್ಣ. ತಹಶೀಲ್ದಾರರು ಜೈಲಿನಲ್ಲಿ ನಡೆಸಿದ ಗುರುತು ಪರೇಡಿನಲ್ಲಿ ಅವನು ಹತ್ತು ಜನರ ನಡುವೆ ನನ್ನ ಕಕ್ಷಿದಾರನನ್ನು ತೋರಿಸಿದ್ದ. ಮುಖಕ್ಕೆ ಬಟ್ಟೆ ಇದ್ದರೂ ಹೇಗೆ ಗುರುತು ಹಿಡಿದಿರಿ ಎಂದೆ. ಕಣ್ಣಿನಿಂದ ಎಂದ. ಮೂರು ದಿನ ಹಿಂದೆ ಜಗಳವಾದಾಗ ಇದೇ ಕಣ್ಣು ನೋಡಿದ್ದೆ ಎಂದ. ನಾನು ಎರಡು ತಾಸು ತಿರುಗಾಮುರುಗಾ ಕೇಳಿದೆ. ಎಲ್ಲೂ ಜಾರಲಿಲ್ಲ. ಪಂಚರಲ್ಲಿ ಒಬ್ಬ ಅವರದೇ ಗಿರಣಿಯ ಹಮಾಲ. ಅವನು ಬಾಯಿಪಾಠ ಒಪ್ಪಿಸಿ ಇಳಿದ. ಇನ್ನೊಬ್ಬನೂ ಹಾಗೆಯೇ. ಅಂದು ಸಂಜೆ ಜೈಲಿನ ವ್ಯಾನು ಹೊರಡುವಾಗ ಕಕ್ಷಿದಾರನ ಅಪ್ಪ ಅದರ ಹಿಂದೆ ಹತ್ತು ಹೆಜ್ಜೆ ನಡೆದು ನಿಂತ. ನಾನು ಅವನ ಕಣ್ಣು ತಪ್ಪಿಸಿ ಸೈಕಲ್ ಹತ್ತಿದೆ.

ಇಲ್ಲಿ ನಾನು ಮಾಡಿದ್ದನ್ನೂ ಬರೆಯಬೇಕು. ಮುಂದಿನ ಪೇಶಿಯ ದಿನವೇ ನನ್ನ ಹೆಂಡತಿಯ ತಮ್ಮನ ಮದುವೆ ಬಂತು. ದಿನಾಂಕ ಮುಂದೂಡಲು ಅರ್ಜಿ ಬರೆದು ಗೆಳೆಯನೊಬ್ಬನ ಕೈಗೆ ಕೊಟ್ಟು ಹೊರಟೆ. ಕಕ್ಷಿದಾರನ ಅಪ್ಪನಿಗೆ ಸುದ್ದಿ ಮುಟ್ಟಿಸಬೇಕೆಂದು ಹೊಳೆಯಲೇ ಇಲ್ಲ. ಅವನು ಎಂದಿನಂತೆ ಮೊದಲ ಬಸ್ಸಿಗೆ ಬಂದು, ಬೀಗ ಹಾಕಿದ ಆಫೀಸಿನ ಮೆಟ್ಟಿಲ ಮೇಲೆ ಬಿಸಿಲು ಇಳಿಯುವ ತನಕ ಕೂತಿದ್ದನಂತೆ. ರಾಯಚೂರಿನ ಬೇಸಿಗೆ ಏನೆಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಪಕ್ಕದ ಚಹಾದಂಗಡಿಯವನು ನೀರು ಕೊಟ್ಟು, ಊರಿಗೆ ಹೋಗು ಎಂದು ಕಳಿಸಿದನಂತೆ. ಮರುದಿನ ದೊಡ್ಡಿಯಲ್ಲೇ ಸತ್ತ. ಮಣ್ಣು ಹಾಕಲು ಮಗನನ್ನು ಕಳಿಸಿ ಎಂದು ಕೇಳುವವರೇ ಇರಲಿಲ್ಲ, ಏಕೆಂದರೆ ಅದನ್ನು ಕೇಳಬೇಕಾದ ವಕೀಲ ಮದುವೆಯೂಟ ಉಣ್ಣುತ್ತಿದ್ದ. ನಾನು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜೈಲಿಗೆ ಹೋಗಿ ನಾನೇ ಸುದ್ದಿ ಹೇಳಿದೆ. ಅವನು ಅಳಲಿಲ್ಲ. "ಹಿಂಡ ಯಾರ ಕೈಯಾಗ ಅದರೀ?" ಎಂದು ಕೇಳಿದ. ಹೆಂಡತಿ ಮತ್ತು ಅವಳ ಅಣ್ಣ ನೋಡಿಕೊಳ್ಳುತ್ತಿದ್ದಾರೆ ಎಂದೆ. ಅಪ್ಪ ಕಡೆಯ ದಿನ ಎಲ್ಲಿಗೆ ಬಂದಿದ್ದ, ಎಲ್ಲಿ ಕೂತಿದ್ದ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಅದಾದ ಮೇಲೆ ಆ ಕಡತವನ್ನು ಮನೆಗೂ ಹೊತ್ತು ತರತೊಡಗಿದೆ. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಪಂಚನಾಮೆ ಓದುತ್ತಿದ್ದೆ. ನನ್ನ ತಾಯಿ ಸ್ನಾನ ಮುಗಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿ ಎದ್ದು ಬಂದಳು.

"ಎಂಟು ದಿನದಿಂದ ಅದೇ ಕಾಗದ ಹಿಡಕೊಂಡು ಕುಂತೀದಿ. ಏನದ ಅದರಾಗ?"

ಹೇಳಿದೆ. ಮುದುಕಿಯ ಕೊರಳಿನ ಕರಡಿಗೆ ಕಿತ್ತದ್ದನ್ನು ಕೇಳಿ ತಾಯಿ ತನ್ನ ಕೊರಳು ಮುಟ್ಟಿಕೊಂಡಳು.

"ಶಿವನೇ! ಅಂದ್ರ ಲಿಂಗನೂ ಹೋತು. ಮತ್ತ ಆಕಿ ಉಂಡದ್ದು ಹೆಂಗ?"

"ಉಂಡದ್ದು ಅಂದ್ರ?"

"ಲಿಂಗಪೂಜಿ ಇಲ್ಲದ ಆ ವಯಸ್ಸಿನಾಕಿ ಗಂಟಲಾಗ ಹನಿ ನೀರರೆ ಇಳಿತದೇನು? ಯಾವ ದಿನ ಉಂಡ್ಲು, ಯಾವ ಲಿಂಗ ಕಟ್ಟಿಕೊಂಡು ಉಂಡ್ಲು? ಇಷ್ಟು ಕಾಗದ ಬರದಾರ, ಅದನ್ನ ಬರದಿಲ್ಲೇನು?"

ಬರೆದಿರಲಿಲ್ಲ. ಪಂಚನಾಮೆಯಲ್ಲಿದ್ದದ್ದು ಇಷ್ಟೇ: ದುಂಡನೆಯ ಬೆಳ್ಳಿಯ ಡಬ್ಬಿ ಒಂದು, ಮುಚ್ಚಳ ಸಹಿತ, ಖಾಲಿ. ಪಂಚನಾಮೆ ಬರೆದ ಸಬ್ ಇನ್ಸ್‌ಪೆಕ್ಟರ್ ದೂರದ ಜಿಲ್ಲೆಯಿಂದ ಬಂದವರು, ಅವರಿಗೆ ಅದೊಂದು ಡಬ್ಬಿ. ಆದರೆ ನಾನು? ಲಿಂಗವಂತರ ಮನೆಯಲ್ಲೇ ಹುಟ್ಟಿದವನು. ನನ್ನ ಲಿಂಗ ಕಾಲೇಜು ಸೇರಿದ ದಿನದಿಂದ ದೇವರ ಮನೆಯ ಗೋಡೆಗೂಡಿನಲ್ಲೇ ಇತ್ತು. ಎಂಟು ತಿಂಗಳು ಆ 'ಖಾಲಿ' ಎಂಬ ಪದದ ಮೇಲೆ ಕಣ್ಣು ಹಾಯಿಸಿಕೊಂಡು ಹೋಗಿದ್ದೆ, ಒಮ್ಮೆಯೂ ಒಳಗಿದ್ದದ್ದು ಎಲ್ಲಿ ಹೋಯಿತು ಎಂದು ಕೇಳಿಕೊಂಡಿರಲಿಲ್ಲ. ತಲೆ ಚಚ್ಚಿಕೊಳ್ಳುವಂತಾಯಿತು.

ಲಿಂಗ ಕಳೆದುಹೋದರೆ ಗುರುವಿನಿಂದ ಹೊಸದು ಪಡೆಯಬೇಕು. ಆ ಹಳ್ಳಿಯಲ್ಲಿ ಒಂದು ಸಣ್ಣ ಮಠವಿತ್ತು. ಮರುದಿನವೇ ಬಸ್ಸು ಹಿಡಿದು ಮಠದ ಅಯ್ಯನವರನ್ನು ಹೋಗಿ ಕಂಡೆ. ಎದುರು ಪಕ್ಷದ ಸಾಕ್ಷಿಯಾದ ಆ ಮುದುಕಿಯನ್ನು ನಾನೇ ಹೋಗಿ ಮಾತಾಡಿಸುವಂತಿರಲಿಲ್ಲ.

"ಹೊಸ ಲಿಂಗ ನನ್ನ ಕೈಲೆ ಹೋಗಿಲ್ರೀ," ಎಂದರು ಅಯ್ಯನವರು. "ಆ ವಾರ ನಾ ಊರಾಗ ಇದ್ದಿದ್ದಿಲ್ಲ. ಬಂದು ನೋಡಿದ್ರ ಆಕಿ ಎಂದಿನಂಗ ಪೂಜಿ ಮಾಡಾಕತ್ತಿದ್ಲು, ಎಂದಿನಂಗ ಉಣ್ಣಾಕತ್ತಿದ್ಲು. ಬ್ಯಾರೆ ಮಠದಿಂದ ತರಿಸಿರಬೇಕಂತ ತಿಳಕೊಂಡೆ. ಕೇಳಲಿಲ್ಲ."

"ನೀವು ಈಗ ಕೇಳಬಹುದಲ್ರೀ, ಅಯ್ಯನವರ?"

"ಕೇಳೋದಿದ್ರ ಕೋರ್ಟಿನ್ಯಾಗ ನೀವು ಕೇಳ್ರಿ. ಒಂದು ಮಾತು ಮಾತ್ರ ಹೇಳ್ತೀನಿ. ಲಿಂಗ ಮುಟ್ಟಿ ಸುಳ್ಳು ಹೇಳಾಕಿ ಅಲ್ಲ ಆಕಿ."

ಅರ್ಧ ಉತ್ತರ ಸಿಕ್ಕಂತಾಯಿತು. ಆಕೆ ಕಟ್ಟಿಕೊಂಡದ್ದು ಹೊಸ ಲಿಂಗವಾದರೆ ನನಗೇನೂ ಉಪಯೋಗವಿಲ್ಲ. ಹಳೆಯದೇ ಆದರೆ, ಅದು ಆಕೆಯ ಕೈಗೆ ಬಂದದ್ದು ಯಾವ ದಿನ? ಪೊಲೀಸರು ಕರಡಿಗೆ ಹಿಡಿದದ್ದು ಒಂಬತ್ತನೆಯ ದಿನ. ಒಂಬತ್ತು ದಿನ ನೀರಿಲ್ಲದೆ ಯಾರೂ ಬದುಕುವುದಿಲ್ಲ.

ಕೋರ್ಟಿನಲ್ಲಿ ಬೇರೆಯೇ ಕಾದಿತ್ತು. ಸರ್ಕಾರಿ ವಕೀಲರು ಎದ್ದು, ಸಾಕ್ಷಿದಾರಳಿಗೆ ವಯಸ್ಸಾಗಿದೆ, ಆಕೆಯನ್ನು ಕೈಬಿಡುತ್ತೇನೆ ಎಂದರು. ಅವರ ಲೆಕ್ಕದಲ್ಲಿ ಅಣ್ಣನ ಸಾಕ್ಷಿಯೇ ಸಾಕಾಗಿತ್ತು. ನಾನು ಒಂದು ದಿನದ ಅವಕಾಶ ಕೇಳಿಕೊಂಡು, ನನಗೆ ಕೆಲಸ ಕಲಿಸಿದ ಹಿರಿಯ ವಕೀಲರ ಹತ್ತಿರ ಓಡಿದೆ. ಎಲ್ಲ ಕೇಳಿ ಅವರು ಅಡಿಕೆ ಬಾಯಿಗೆ ಹಾಕಿಕೊಂಡರು.

"ಆಕಿ ಬಂದು, ಇವನೇ ನನ್ನ ಕೊರಳಿಗಿ ಕೈ ಹಾಕಿದಾಂವ ಅಂದ್ರ ಏನ್ ಮಾಡ್ತಿ?"

"ಹಂಗ ಅನ್ನಾಂಗಿಲ್ಲ ಅನಸ್ತದರೀ."

"ಅನಸ್ತದ! ಅನಸೋದರ ಮ್ಯಾಲೆ ಒಬ್ಬನ ಏಳು ವರ್ಷ ಇಡ್ತೀಯೇನು? ಈಗ ಅಣ್ಣನ ಸಾಕ್ಷಿ ಒಂದೇ ಅದ. ಮುಖ ಮುಚ್ಚಿದವನ ಗುರುತು ಹೆಂಗ ಸಿಕ್ತು ಅಂತ ವಾದಿಸು. ಅದೃಷ್ಟ ಇದ್ರ ಸಂಶಯದ ಲಾಭ ಸಿಗತದ. ಆಕಿ ಬಾಯಿ ಬಿಡಿಸಬ್ಯಾಡ."

ಅವರ ಮಾತು ಸರಿಯೇ ಇತ್ತು. ಆದರೆ ಅದೃಷ್ಟದ ಮೇಲೆ ಕೂತು ಕೂತು ನಾನು ಆ ಅಪ್ಪನನ್ನು ಕಳೆದುಕೊಂಡಿದ್ದೆ. ಮರುದಿನ ಕಲಾಪ ಶುರುವಾಗುವ ಮುಂಚೆ ಕಟಕಟೆಯ ಹತ್ತಿರ ಹೋಗಿ ಕಕ್ಷಿದಾರನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆ ಮುದುಕಿ ಬಂದರೆ ನೀನು ಉಳಿಯಬಹುದು, ಮುಳುಗಲೂಬಹುದು ಎಂದೆ.

"ಆ ಯವ್ವ ಖರೆ ಹೇಳ್ತಾಳೇನ್ರಿ?"

"ಹೇಳ್ತಾಳಂತ."

"ಮತ್ತ ನಾ ಯಾಕ ಅಂಜಲಿ? ಕರಸ್ರಿ."

ನ್ಯಾಯದ ದೃಷ್ಟಿಯಿಂದ ಈಕೆಯ ಸಾಕ್ಷ್ಯ ಅವಶ್ಯ, ನ್ಯಾಯಾಲಯವೇ ಕರೆಸಬೇಕು ಎಂದು ಅರ್ಜಿ ಕೊಟ್ಟೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಯೋಚಿಸಿ ಕೇಳುತ್ತಿದ್ದೀರಷ್ಟೆ?" ಎಂದರು. ಹೌದು ಎಂದೆ.

ಹತ್ತು ದಿನ ಬಿಟ್ಟು ಆಕೆ ಬಂದಳು. ಸಣ್ಣ ದೇಹ, ಹಣೆಯ ತುಂಬ ವಿಭೂತಿ. ಅಣ್ಣ ಒಂದು ತೋಳು ಹಿಡಿದಿದ್ದ, ತಮ್ಮ ಇನ್ನೊಂದು. ಇಬ್ಬರೂ ಆಕೆಯನ್ನು ಸಾಕ್ಷಿಕಟ್ಟೆ ಹತ್ತಿಸಿ ಮುಂದಿನ ಬೆಂಚಿನಲ್ಲಿ ಕೂತರು. ಪ್ರಮಾಣ ಮಾಡಿಸುವವನು ಬಾಯಿ ತೆಗೆಯುವ ಮೊದಲೇ ಆಕೆ ಸೆರಗಿನ ಒಳಗೆ ಕೈ ಹಾಕಿ ಎದೆಯ ಮೇಲಿನ ಲಿಂಗ ಹಿಡಿದುಕೊಂಡಳು. ನಾನು ನೋಡಿದೆ. ಅದು ಬಿಳಿಯ ಅರಿವೆಯಲ್ಲಿ ಕಟ್ಟಿದ ಲಿಂಗ. ಕರಡಿಗೆ ಇರಲಿಲ್ಲ.

ಸರ್ಕಾರಿ ವಕೀಲರು ಕರಡಿಗೆ ತೋರಿಸಿ, ನಿಮ್ಮದೇ ಏನಮ್ಮ ಎಂದರು. ನಂದೇ ಎಂದಳು. ಅಂದು ರಾತ್ರಿ ಕಿತ್ತದ್ದು ಇದೇ ಏನು? ಇದೇ. ಅವರು ಸಮಾಧಾನದಿಂದ ಕೂತರು. ನನ್ನ ಸರದಿ ಬಂತು.

"ಯವ್ವಾ, ದಿನಾ ಲಿಂಗಪೂಜಿ ಮಾಡ್ತೀರೇನ್ರಿ?"

"ಮಾಡಲಾರದ ಹೆಂಗ ಉಣ್ಲಿ?"

"ಆ ಶನಿವಾರ ರಾತ್ರಿ ಲಿಂಗ ಹೋತಲ್ರೀ. ಮರುದಿನ ಉಂಡ್ರೇನು?"

"ಐತಾರ ಇಡೀ ದಿನ ನೀರು ಸೈತ ಮುಟ್ಟಿಲ್ಲ. ಸೊಸಿ ಅತ್ಲು, ಸುದ್ದಿ ಕೇಳಿ ಸಣ್ಣ ಮಗನೂ ಬಂದ, ಮಕ್ಕಳಿಬ್ಬರೂ ಕೈ ಮುಗದ್ರು. ಲಿಂಗ ಇಲ್ಲದ ದೇಹ ಇದ್ರೇನು ಹೋದ್ರೇನು ಅಂತ ಗ್ವಾಡಿಗಿ ಮುಖ ಮಾಡಿ ಮಲಕೊಂಡೆ."

"ಮತ್ತ ಯಾವಾಗ ಉಂಡ್ರಿ?"

"ಸ್ವಾಮಾರ ಮುಂಜಾನಿ."

ಬೆಂಚಿನಲ್ಲಿ ಅಣ್ಣ ಕಾಲು ಎಳೆದುಕೊಂಡ ಸದ್ದು ಕೇಳಿತು. ಮುಂದಿನ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಕೇಳಿದೆ.

"ಅವತ್ತು ಯಾರ ಕಡಿಂದ ಹೊಸ ಲಿಂಗ ಇಸಕೊಂಡ್ರಿ?"

"ಹೊಸಾದು ಯಾಕ ಬೇಕು? ನನ್ನ ಲಿಂಗಾನೇ ಬಂದಿತ್ತಲ್ಲ. ನಸುಕಿನ್ಯಾಗ ಎದ್ದು ದೀಪ ಹಚ್ಚಾಕ ಹೋದೆ. ದೇವರ ಜಗಲಿ ಮ್ಯಾಲೆ ಇತ್ತು, ಕರಡಿಗಿ ಸಮೇತ."

ನ್ಯಾಯಾಧೀಶರ ಪೆನ್ನು ನಿಂತಿತು. "ಅಮ್ಮ, ಈ ಕರಡಿಗೆಯೇ?" ಎಂದು ಅವರೇ ಕೇಳಿದರು.

"ಇದೇರೀ, ಯಪ್ಪಾ. ಒಂದು ವಾರ ನನ್ನ ಕೊರಳಾಗೇ ಇತ್ತು. ಮುಂದಿನ ಸ್ವಾಮಾರ ಮುಂಜಾನಿ ಪೊಲೀಸ್ನವರು ಬಂದು ಇಸಕೊಂಡು ಹೋದ್ರು. ಪಂಚನಾಮಿಗಿ ಬೇಕಂತ, ದೊಡ್ಡ ಮಗ ಹೇಳಿದ. ಲಿಂಗ ಕೊಡಾಂಗಿಲ್ಲಂತ ಅದನ್ನ ತಗದು ಅರಿವ್ಯಾಗ ಕಟ್ಟಿಕೊಂಡೆ. ಡಬ್ಬಿ ಒಯ್ರಿ ಅಂದೆ."

ಅದೇ ಸೋಮವಾರ ಸಂಜೆ ನಾಲ್ಕಕ್ಕೆ ಅದೇ ಡಬ್ಬಿ ಕುರಿಯ ಹಿಕ್ಕಿಯ ರಾಶಿಯ ಕೆಳಗೆ ಸಿಕ್ಕಿತ್ತು. ನಾನು ಕೂತುಬಿಟ್ಟೆ.

ಸರ್ಕಾರಿ ವಕೀಲರು ಮರುಪ್ರಶ್ನೆಗೆ ಎದ್ದರು. ವಯಸ್ಸಾದ ಮೇಲೆ ದಿನ ವಾರ ಮರೆಯುವುದು ಸಹಜ, ನೀವು ಉಂಡದ್ದು ಬೇರೆ ದಿನವಿರಬೇಕು ಎಂದರು. ಆಕೆಗೆ ಸಿಟ್ಟು ಬಂತು.

"ಸ್ವಾಮಾರ ಮರೀತೀನೇನು? ಸ್ವಾಮಾರ ನಾ ಒಪ್ಪತ್ತು ಇರಾಕಿ, ಹಗಲೊತ್ತು ಉಣ್ಣಾಂಗಿಲ್ಲ. ಆ ಸ್ವಾಮಾರ ಒಂದೇ ಒಪ್ಪತ್ತು ಮುರದೀನಿ, ಹಿಂದಿನ ದಿನ ಉಪವಾಸ ಇದ್ದೆನಂತ ಸೊಸಿ ಕಾಲಿಗಿ ಬಿದ್ದಳಂತ. ಮೂವತ್ತು ವರ್ಷದಾಗ ಅದೊಂದೇ."

ಅವರು ಕೂತರು. ನ್ಯಾಯಾಧೀಶರು ಜಗಲಿಯ ಮೇಲೆ ಅದನ್ನು ಇಟ್ಟವರು ಯಾರೆಂದು ಕೇಳಿದರು. ಮುದುಕಿ ಬೆಂಚಿನ ಕಡೆ ನೋಡಲಿಲ್ಲ. ಅರಿವೆಯ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ನಾ ಕಣ್ಣಿಲೆ ನೋಡಿಲ್ರೀ. ಆದರ ಹೊರಗಿನ ಕಳ್ಳ ತಿರುಗಿ ಬಂದು ನಮ್ಮ ಜಗಲಿ ಮ್ಯಾಲೆ ಇಡಾಂಗಿಲ್ಲ. ಇಟ್ಟಾಂವ ನನ್ನ ಉಪವಾಸ ತಾಳಲಾರದ ಇಟ್ಟಾನ. ಇದಕ್ಕ ಮುಂದ ಕೇಳಬ್ಯಾಡ್ರಿ, ಯಪ್ಪಾ. ಕೈ ಮುಗೀತೀನಿ."

ನ್ಯಾಯಾಧೀಶರು ಕೇಳಲಿಲ್ಲ. ಆಕೆ ಇಳಿಯುವಾಗ ತೋಳು ಹಿಡಿಯಲು ಅಣ್ಣನೊಬ್ಬನೇ ಎದ್ದ. ತಮ್ಮ ಕೂತಿದ್ದ ಜಾಗ ಖಾಲಿಯಾಗಿತ್ತು. ಆಕೆ ಅಣ್ಣನ ಕೈಯನ್ನೂ ಬಿಡಿಸಿಕೊಂಡು, ಕಟ್ಟೆಯ ಅಂಚು ಹಿಡಿದು ತಾನೇ ಇಳಿದಳು. ನನಗೆ ಗೆದ್ದ ಖುಷಿ ಆಗಲಿಲ್ಲ. ಒಬ್ಬ ತಾಯಿಯ ಬಾಯಿಂದಲೇ ಅವಳ ಮನೆ ಒಡೆಸಿದ್ದೆ.

ಆಮೇಲಿನದು ಬೇಗ ಮುಗಿಯಿತು. ಸಬ್ ಇನ್ಸ್‌ಪೆಕ್ಟರರನ್ನು ಕೇಳಿದೆ: ಡಬ್ಬಿ ಖಾಲಿ ಎಂದು ಬರೆದಿದ್ದೀರಿ, ಒಳಗೆ ಏನಿರಬೇಕಿತ್ತು? ವಿಭೂತಿ ಇರಬಹುದು ಎಂದರು. ಲಿಂಗವನ್ನು ಯಾಕೆ ಹುಡುಕಲಿಲ್ಲ ಎಂದೆ. ಅದನ್ನು ಹುಡುಕಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಅಣ್ಣ, ತಮ್ಮನ ಹೆಸರು ಹೊರಬೀಳಬಾರದೆಂದು, ಹೇಳಿರಲಿಲ್ಲ.

ಮೂರು ವಾರಕ್ಕೆ ತೀರ್ಪು ಬಂತು. ಆರೋಪಿಯನ್ನು ದೋಷಮುಕ್ತ ಮಾಡಿ, ಕರಡಿಗೆಯನ್ನು ವಾರಸುದಾರಳಿಗೆ ಹಿಂತಿರುಗಿಸಬೇಕೆಂದು ಆದೇಶವಾಯಿತು. ಹಿಡಿದ ದಿನದಿಂದ ಎಣಿಸಿದರೆ ಅವನು ಒಳಗಿದ್ದದ್ದು ಒಂದು ವರ್ಷ ಎರಡು ತಿಂಗಳು. ಗಿರಣಿಯವರ ಮೇಲೆ ಮುಂದೆ ಯಾವ ತನಿಖೆಯೂ ನಡೆಯಲಿಲ್ಲ. ತಮ್ಮ ಊರು ಬಿಟ್ಟನೆಂದು ಕೇಳಿದ್ದೇನೆ.

ಬಿಡುಗಡೆಯಾಗಿ ಹದಿನೈದು ದಿನಕ್ಕೆ ಅವನು ನನ್ನ ಆಫೀಸಿಗೆ ಬಂದ. ಅವನಪ್ಪನ ಹಾಗೆಯೇ ಮೆಟ್ಟಿಲ ಮೇಲೆ ಕಂಬಳಿ ಹಾಸಿ ಕೂತ. ನಾನೇ ಹೊರಗೆ ಹೋಗಿ ಅವನ ಪಕ್ಕ ಕೂತೆ. ಆ ಊರಿಗೆ ಕಾಲಿಡಬೇಡ ಎಂದು ನಾನು ಹೇಳಿದ್ದರೂ ಅವನು ಹೋಗಿ ಬಂದಿದ್ದ.

"ಆ ಯವ್ವ ಮನ್ಯಾಗ ಇಲ್ರೀ. ಕೋರ್ಟಿನ್ಯಾಗ ಹೇಳಿದ ದಿನದಿಂದ ಮಠದಾಗ ಅದಾಳ. ಮಕ್ಕಳ ಮನಿ ಅನ್ನ ಒಲ್ಲೆ ಅಂದಾಳಂತ. ಅಯ್ನೋರು ಒಂದ್ಹೊತ್ತು ಪ್ರಸಾದ ಕೊಡ್ತಾರ."

"ಮಾತಾಡಿದ್ಲೇನು?"

"ಎಷ್ಟು ದಿನ ಒಳಗಿದ್ದೀಪಾ ಅಂತ ಕೇಳಿದ್ಲು. ಹೇಳಿದೆ. ಆಮ್ಯಾಲೆ, ಡಬ್ಬಿ ಒಯ್ದ ದಿನಾನೇ ನಾ ಬಾಯಿ ಬಿಡಬೇಕಿತ್ತು, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ ಅಂದ್ಲು. ಆ ಕರಡಿಗಿ ನನಗ ಬ್ಯಾಡಂತ ವಕೀಲರಿಗಿ ಹೇಳು ಅಂದ್ಲು."

ಯಾರೂ ಕೇಳಲಿಲ್ಲ. ಆ 'ಯಾರೂ' ಎಂಬುದರಲ್ಲಿ ಎಂಟು ತಿಂಗಳು ನಾನೂ ಸೇರಿದ್ದೆ. ಅವನು ಮಡಚದ ಬೆರಳುಗಳಿಂದ ಕಂಬಳಿಯ ಅಂಚು ಸರಿಪಡಿಸುತ್ತಿದ್ದ. ಕೇಳಲೋ ಬೇಡವೋ ಎಂಬಂತೆ ನನ್ನ ಕಡೆ ತಿರುಗಿದ.

"ಚಹಾದಂಗಡಿಯಾಂವ ಹೇಳಿದ, ನಮ್ಮಪ್ಪ ಸಾಯೋ ಹಿಂದಿನ ದಿನ ಇಲ್ಲೇ ಬಂದಿದ್ದನಂತ. ನಿಮ್ಮ ಕೂಡ ಏನು ಮಾತಾಡಿದನ್ರಿ?"

ಒಂದು ಸುಳ್ಳು ನಾಲಗೆಯ ತುದಿಗೆ ಬಂದು ನಿಂತಿತ್ತು. ಮಗ ಬಿಡುಗಡೆ ಆಗ್ತಾನೆಂದು ಧೈರ್ಯವಾಗಿದ್ದ ಎಂದರೆ ಮುಗಿಯುತ್ತಿತ್ತು, ಅವನಿಗೂ ಸಮಾಧಾನ, ನನಗೂ ಸಮಾಧಾನ. ಸಾಕ್ಷಿಕಟ್ಟೆಯಲ್ಲಿ ಅರಿವೆಯ ಗಂಟು ಹಿಡಿದು ನಿಂತಿದ್ದ ಆ ಮುದುಕಿ ಕಣ್ಣೆದುರು ಬಂದಳು.

"ನಾ ಅವತ್ತು ಇದ್ದಿದ್ದಿಲ್ಲಪಾ," ಎಂದೆ. "ಮದುವಿಗಿ ಹೋಗಿದ್ದೆ. ಪೇಶಿ ಮುಂದ ಹಾಕಿಸಿದ್ದು ನಾನೇ. ನಿಮ್ಮಪ್ಪಗ ಹೇಳಿ ಕಳಸಲಿಲ್ಲ. ಬೀಗ ಹಾಕಿದ ಬಾಗಿಲ ಮುಂದ ಇಡೀ ದಿನ ಇಲ್ಲೇ ಕುಂತಿದ್ದ, ಬಿಸಲಾಗ."

ಅವನು ತಾನು ಕೂತ ಮೆಟ್ಟಿಲನ್ನು ಒಮ್ಮೆ ನೋಡಿದ. ಕೈಯಿಂದ ಅದರ ಮೇಲಿನ ಧೂಳು ಒರೆಸಿದ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. "ಬರ್ತೀನ್ರಿ" ಎಂದ. ಯಪ್ಪಾ ಎನ್ನಲಿಲ್ಲ.